ಘೋಸ್ಟ್‌ರೈಟರ್ ಕೈಲಿ ಬರೆಸುವಾಗ ಮೋಸ ಹೋಗದಿರಲು, ಮೋಸ ಮಾಡದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಘೋಸ್ಟ್‌ರೈಟರ್, ಅಂದರೆ ಬೇರೆಯವರ ಹೆಸರಿನಲ್ಲಿ ಬರೆಯುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆಗಳು ನನಗೆ ಎರಡೂ ಕಡೆಯಿಂದ ಬರುತ್ತಿರುತ್ತವೆ. ಪುಸ್ತಕ ಬರೆಸಬೇಕು ಅನ್ನುವವರು ಕೇಳುತ್ತಾರೆ, ಬರೆದುಕೊಟ್ಟು ದುಡ್ಡಿಗಾಗಿ ಕಾಯುತ್ತಾ ಕೂತವರೂ ಕೇಳುತ್ತಾರೆ. ಉತ್ತರಗಳೆಲ್ಲ ಸುತ್ತಿ ಬಳಸಿ ಒಂದೇ ಮಾತಿಗೆ ಬಂದು ನಿಲ್ಲುತ್ತವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಗುಟ್ಟಾಗಿ ಇರಬೇಕಾದ್ದು ಬರೆದವರ ಹೆಸರು, ಅಷ್ಟೇ. ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ, ದುಡ್ಡು ಎಷ್ಟು, ಹಕ್ಕು ಯಾರಿಗೆ, ಇದೆಲ್ಲ ನಿಮ್ಮಿಬ್ಬರ ನಡುವೆ ಬಿಚ್ಚಿಟ್ಟ ಹಾಗೆ ಇರಬೇಕು. ಹೆಸರಿನ ಗುಟ್ಟನ್ನೇ ನೆಪ ಮಾಡಿಕೊಂಡು ಉಳಿದದ್ದನ್ನೂ ಮುಚ್ಚಿಡಲು ಶುರು ಮಾಡಿದರೆ ಅಲ್ಲಿ ಏನೋ ಎಡವಟ್ಟಿದೆ ಅಂತ ತಿಳಿಯಿರಿ.

ದುಡ್ಡು ಕೊಟ್ಟು ಬರೆಸಿ ನನ್ನ ಹೆಸರು ಹಾಕಿಕೊಳ್ಳುವುದೇ ಮೋಸ ಅಲ್ವಾ?

ಓದುವವರು ಯಾವುದನ್ನು ನಂಬಿ ಓದುತ್ತಿದ್ದಾರೆ ಅಂತ ನೋಡಿ. ಒಬ್ಬ ಡಾಕ್ಟರು ಜೀವನಪೂರ್ತಿ ಕಂಡದ್ದನ್ನು ಪುಸ್ತಕ ಮಾಡಿದರೆ, ಓದುಗರಿಗೆ ಬೇಕಿರುವುದು ಅವರ ಅನುಭವ, ಅವರ ಅಭಿಪ್ರಾಯ. ವಾಕ್ಯ ಕಟ್ಟಿದವರು ಯಾರು ಅನ್ನುವುದು ಅವರಿಗೆ ಅಷ್ಟು ಮುಖ್ಯ ಆಗುವುದಿಲ್ಲ. ಆತ್ಮಕಥೆ, ಭಾಷಣ, ವ್ಯಾಪಾರದ ಪುಸ್ತಕ, ಕಂಪನಿಯ ಮುಖ್ಯಸ್ಥರ ಅಂಕಣ, ಇವೆಲ್ಲ ಈ ಸಾಲಿಗೆ ಬರುತ್ತವೆ. ರಾಜಕಾರಣಿಯ ಭಾಷಣವನ್ನು ಅವರೇ ಕೂತು ಬರೆದರು ಅಂತ ಯಾರೂ ಅಂದುಕೊಂಡಿರುವುದಿಲ್ಲ. ವಿಷಯ ನಿಮ್ಮದಾಗಿರಬೇಕು, ಪ್ರತಿ ಪುಟವನ್ನೂ ನೀವು ಓದಿ ಒಪ್ಪಿರಬೇಕು, ಅದರಲ್ಲಿರುವ ಮಾತಿಗೆ ನೀವೇ ಹೊಣೆ ಹೊರಬೇಕು. ಇಷ್ಟು ಇದ್ದರೆ ನನ್ನ ಲೆಕ್ಕದಲ್ಲಿ ಮೋಸ ಏನೂ ಇಲ್ಲ.

ಬರೆಯುವ ಸಾಮರ್ಥ್ಯವನ್ನೇ ಅಳೆಯುವ ಜಾಗದಲ್ಲಿ, ಅಥವಾ ಹೆಸರಿನ ಹಿಂದಿನ ಪರಿಣತಿಯನ್ನು ನಂಬಿ ಜನ ಔಷಧಿ ತಗೊಳ್ಳುವಂಥ ಕಡೆ, ಲೆಕ್ಕ ಪೂರ್ತಿ ಬೇರೆ.

ಥೀಸಿಸ್, ಕಾಲೇಜಿನ ಅಸೈನ್‌ಮೆಂಟ್, ಪ್ರವೇಶಕ್ಕೆ ಕೊಡುವ ಪ್ರಬಂಧ ಬರೆಸಬಹುದಾ?

ಬೇಡ. ಇದಕ್ಕೆ ಘೋಸ್ಟ್‌ರೈಟಿಂಗ್ ಅನ್ನುವ ಮರ್ಯಾದೆಯ ಹೆಸರು ಕೊಡಬೇಡಿ, ಇದು ಪರೀಕ್ಷೆಯಲ್ಲಿ ಬೇರೆಯವರನ್ನು ಕೂರಿಸಿದ ಹಾಗೆ. ಐರ್ಲೆಂಡ್ 2019ರಲ್ಲಿ, ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಇಂಥ ಸೇವೆ ಮಾರುವುದನ್ನೇ ಕಾನೂನಿನಲ್ಲಿ ಅಪರಾಧ ಮಾಡಿವೆ. ವಿದ್ಯಾರ್ಥಿಗೆ ಶಿಕ್ಷೆ ವಿಶ್ವವಿದ್ಯಾಲಯದ ಕಡೆಯಿಂದ ಬರುತ್ತದೆ, ಪದವಿ ಸಿಕ್ಕ ಮೇಲೂ ಬರಬಹುದು.

ಜನ ಯೋಚಿಸದ ಇನ್ನೊಂದು ಅಪಾಯ ಬ್ಲಾಕ್‌ಮೇಲ್. ಬರೆದುಕೊಟ್ಟವರ ಹತ್ತಿರ ನಿಮ್ಮ ಹೆಸರು, ಕಾಲೇಜು, ಚಾಟ್, ಹಣ ಕಳಿಸಿದ ದಾಖಲೆ ಎಲ್ಲ ಇರುತ್ತದೆ. ಇನ್ನಷ್ಟು ಕೊಡದಿದ್ದರೆ ಕಾಲೇಜಿಗೆ ತಿಳಿಸುತ್ತೇವೆ ಅಂತ ಹೆದರಿಸಿ ಕಿತ್ತುಕೊಂಡ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಹಾಗೆ ಸಿಕ್ಕಿಕೊಂಡವರು ಯಾರ ಹತ್ತಿರ ಹೋಗಿ ದೂರು ಕೊಡುತ್ತಾರೆ?

ಭಾಷೆ ತಿದ್ದಿಸುವುದು ಬೇರೆ ವಿಷಯ. ನಿಮ್ಮ ಸಂಸ್ಥೆಯ ನಿಯಮ ಎಲ್ಲಿಯವರೆಗೆ ಒಪ್ಪುತ್ತದೆ ಅಂತ ಗೈಡ್ ಹತ್ತಿರ ಕೇಳಿ, ತಿದ್ದಿಸಿದ್ದನ್ನು ಕೃತಜ್ಞತೆಯಲ್ಲಿ ಬರೆಯಿರಿ.

ವೈದ್ಯಕೀಯ ಅಥವಾ ವಿಜ್ಞಾನದ ಲೇಖನಕ್ಕೆ ಬರಹಗಾರರ ಸಹಾಯ ಪಡೆದರೆ?

ಪಡೆಯಬಹುದು, ಮುಚ್ಚಿಡಬಾರದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ ಲೇಖಕ ಅನ್ನಿಸಿಕೊಳ್ಳಲು 4 ಷರತ್ತು ಹಾಕಿದೆ: ಸಂಶೋಧನೆಯಲ್ಲಿ ಗಣನೀಯ ಪಾಲು ಇರಬೇಕು, ಬರೆಯುವುದರಲ್ಲಿ ಅಥವಾ ವಿಮರ್ಶಿಸಿ ತಿದ್ದುವುದರಲ್ಲಿ ಕೈ ಇರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು, ಕೆಲಸದ ಪ್ರತಿಯೊಂದು ಅಂಶಕ್ಕೂ ಹೊಣೆ ಹೊರಬೇಕು. ನಾಲ್ಕೂ ಇರಬೇಕು. ಬರೀ ಬರೆದುಕೊಟ್ಟವರ ಹೆಸರು ಕೃತಜ್ಞತೆಯಲ್ಲಿ ಬರಬೇಕು, ಅವರಿಗೆ ದುಡ್ಡು ಕೊಟ್ಟವರು ಯಾರು ಅನ್ನುವುದೂ ಬರಬೇಕು.

ಇದು ಬರೀ ಶಿಷ್ಟಾಚಾರದ ಮಾತು ಅಂದುಕೊಳ್ಳಬೇಡಿ. ಋತುಬಂಧದ ಹಾರ್ಮೋನ್ ಚಿಕಿತ್ಸೆಯನ್ನು ಹೊಗಳಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದ್ದ ಎಷ್ಟೋ ಲೇಖನಗಳನ್ನು ಬರೆದದ್ದು ಔಷಧ ಕಂಪನಿ ದುಡ್ಡು ಕೊಟ್ಟ ಬರಹಗಾರರು, ಮೇಲೆ ಹೆಸರು ಮಾತ್ರ ದೊಡ್ಡ ವೈದ್ಯರದ್ದು ಅನ್ನುವುದು 2009ರಲ್ಲಿ ಅಮೆರಿಕದ ಕೋರ್ಟಿನ ದಾಖಲೆಗಳು ಬಯಲಿಗೆ ಬಂದಾಗ ಗೊತ್ತಾಯಿತು. ಆ ಲೇಖನಗಳನ್ನು ನಂಬಿ ಔಷಧ ಬರೆದುಕೊಟ್ಟ ಡಾಕ್ಟರುಗಳಿಗೆ ಇದರ ಸುಳಿವೂ ಇರಲಿಲ್ಲ.

ಪುಸ್ತಕದ ಜೊತೆಗೆ ಒಳ್ಳೆಯ ರಿವ್ಯೂ ಕೂಡ ಬರೆಸಿಕೊಡುತ್ತೇವೆ ಅನ್ನುತ್ತಾರೆ. ತಗೊಳ್ಳಲಾ?

ಬೇಡ. ಅಮೆಜಾನ್ ನಿಯಮಕ್ಕೆ ವಿರುದ್ಧ, ಪುಸ್ತಕವನ್ನೇ ತೆಗೆದುಹಾಕಬಹುದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಕಲಿ ರಿವ್ಯೂ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸಿ ನಿಯಮ ತಂದಿದೆ. ಒಂದೇ ಅಂಗಡಿಯಲ್ಲಿ ಬರಹವೂ ರಿವ್ಯೂವೂ ಸಿಗುತ್ತಿದ್ದರೆ ಅವರು ತೋರಿಸುವ ಅವರದೇ ಐದು ನಕ್ಷತ್ರಗಳು ಎಲ್ಲಿಂದ ಬಂದವು ಅಂತಲೂ ಯೋಚಿಸಿ.

ಒಪ್ಪಂದ ಇದೆ, ಹಿಂದಿನ ಕೆಲಸ ತೋರಿಸುವ ಹಾಗಿಲ್ಲ ಅನ್ನುತ್ತಾರೆ. ಹಾಗಾದರೆ ನಂಬುವುದು ಹೇಗೆ?

ಇದೇ ಈ ವೃತ್ತಿಯ ದೊಡ್ಡ ತಲೆನೋವು. ನಿಜವಾದ ಘೋಸ್ಟ್‌ರೈಟರ್‌ಗೂ ಎಲ್ಲವನ್ನೂ ತೋರಿಸಲು ಆಗುವುದಿಲ್ಲ, ಕಳ್ಳನಿಗೆ ಅದೇ ಒಳ್ಳೆಯ ಮರೆ. ಆದರೆ ನಿಜವಾಗಿ ಕೆಲಸ ಮಾಡಿದವರಿಗೆ ತೋರಿಸಲು ಏನಾದರೂ ಇದ್ದೇ ಇರುತ್ತದೆ. ಸ್ವಂತ ಹೆಸರಿನಲ್ಲಿ ಬಂದ ಲೇಖನ ಇರುತ್ತದೆ. ಮುಖಪುಟದಲ್ಲಿ ಮುಖ್ಯ ಲೇಖಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇವರ ಹೆಸರೂ ಬಂದ ಪುಸ್ತಕ ಇರಬಹುದು, ಕೃತಜ್ಞತೆಯ ಪುಟದಲ್ಲಿ ಹೆಸರು ಇರಬಹುದು. ಹಳೆಯ ಗ್ರಾಹಕರಲ್ಲಿ ಒಬ್ಬರಾದರೂ ಫೋನಿನಲ್ಲಿ ಎರಡು ಮಾತು ಆಡಲು ಒಪ್ಪುತ್ತಾರೆ. ಆ ಗ್ರಾಹಕರನ್ನು "ಚೆನ್ನಾಗಿ ಬರೆದರಾ" ಅಂತ ಕೇಳಬೇಡಿ, ಹೂಂ ಅಂತಾರೆ ಅಷ್ಟೇ. "ತಿದ್ದಿ ಅಂದಾಗ ಏನು ಮಾಡಿದರು, ಹೇಳಿದ ದಿನಕ್ಕೆ ಕೊಟ್ಟರಾ, ನಿಮಗೂ ಅವರಿಗೂ ಒಮ್ಮತ ಬರದೇ ಇದ್ದದ್ದು ಯಾವ ವಿಷಯಕ್ಕೆ" ಅಂತ ಕೇಳಿ. ಸುಳ್ಳು ಗ್ರಾಹಕರಾಗಿದ್ದರೆ ಮೂರನೇ ಪ್ರಶ್ನೆಗೆ ತಡವರಿಸುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ, ಎಲ್ಲವನ್ನೂ ತೋರಿಸುವವರನ್ನೂ ಅನುಮಾನಿಸಿ. ಜಗತ್ತಿಗೆಲ್ಲ ಗೊತ್ತಿರುವ ಪುಸ್ತಕಗಳ ಮುಖಪುಟ ಸಾಲಾಗಿ ಹಾಕಿ "ಇವೆಲ್ಲ ನಮ್ಮ ಕೆಲಸ" ಅನ್ನುವ ವೆಬ್‌ಸೈಟುಗಳು ಬೇಕಾದಷ್ಟಿವೆ. ನಿಜವಾಗಿ ಅವರೇ ಬರೆದಿದ್ದರೆ ಹಾಗೆ ಬಹಿರಂಗವಾಗಿ ಹಾಕುವುದೇ ಗುಟ್ಟಿನ ಒಪ್ಪಂದ ಮುರಿದ ಹಾಗೆ, ನಾಳೆ ನಿಮ್ಮದನ್ನೂ ಹಾಕುತ್ತಾರೆ. ಬರೆದಿಲ್ಲದಿದ್ದರೆ ಸುಳ್ಳು. ಎರಡರಲ್ಲಿ ಯಾವುದಾದರೂ ನಿಮಗೆ ನಷ್ಟವೇ. ತಂಡದವರು ಅಂತ ಹಾಕಿರುವ ನಗುಮುಖದ ಫೋಟೋಗಳನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ. ಅದೇ ಮುಖ ಬೇರೆ ಹೆಸರಿನಲ್ಲಿ ಇನ್ನೆಲ್ಲೋ ಹಲ್ಲಿನ ಪೇಸ್ಟ್ ಮಾರುತ್ತಿರುತ್ತದೆ.

ಹೆಸರಿನ ವಿಷಯದಲ್ಲೂ ಹುಷಾರು. ಅಮೆಜಾನ್ ಅನ್ನುವ ಪದವನ್ನೋ ದೊಡ್ಡ ಪ್ರಕಾಶಕರ ಹೆಸರನ್ನೋ ಹೋಲುವ ಹೆಸರು ಇಟ್ಟುಕೊಂಡ ಕಂಪನಿಗಳು ಎಷ್ಟೋ ಇವೆ, ಅವಕ್ಕೂ ಅಮೆಜಾನ್‌ಗೂ ಏನೂ ಸಂಬಂಧ ಇರುವುದಿಲ್ಲ. 1998ರಿಂದ ಇಂಥ ಮೋಸಗಳನ್ನು ಬಯಲಿಗೆಳೆಯುತ್ತಿರುವ ರೈಟರ್ ಬಿವೇರ್ ಅನ್ನುವ ತಂಡದ ಬರಹಗಳಲ್ಲಿ ಕಂಪನಿಯ ಹೆಸರು ಹುಡುಕಿ ನೋಡುವುದು ಒಳ್ಳೆಯ ಅಭ್ಯಾಸ.

ಸ್ಯಾಂಪಲ್ ಅದ್ಭುತವಾಗಿತ್ತು, ಮೊದಲ ಅಧ್ಯಾಯ ನೋಡಿದರೆ ಬೇರೆ ಯಾರೋ ಬರೆದ ಹಾಗಿದೆ. ಏನಾಯಿತು?

ಬೇರೆ ಯಾರೋ ಬರೆದಿದ್ದಾರೆ, ಅಷ್ಟೇ. ಏಜೆನ್ಸಿಗಳಲ್ಲಿ ಇದು ಮಾಮೂಲಿ. ಫೋನಿನಲ್ಲಿ ಮಾತಾಡುವವರು ಸೇಲ್ಸ್‌ನವರು, ಸ್ಯಾಂಪಲ್ ಬರೆದವರು ಅವರ ಹತ್ತಿರದ ಒಳ್ಳೆಯ ಕೈ, ಪುಸ್ತಕ ಬರೆಯುವವರು ಕಡಿಮೆ ಕೂಲಿಗೆ ಸಿಕ್ಕ ಮೂರನೆಯವರು. ಒಬ್ಬಂಟಿ ಬರಹಗಾರರಲ್ಲೂ ಕೆಲವರು ಹತ್ತು ಕೆಲಸ ಹಿಡಿದು ಒಳಗೊಳಗೇ ಹಂಚುತ್ತಾರೆ.

ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: "ಈ ಕೃತಿಯನ್ನು ಇಂಥವರೇ ಬರೆಯತಕ್ಕದ್ದು, ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯದೆ ಯಾವುದೇ ಭಾಗವನ್ನು ಬೇರೆಯವರಿಗೆ ವಹಿಸುವಂತಿಲ್ಲ." ಆಮೇಲೆ ಬರೆಯುವವರ ಜೊತೆಗೇ ವಿಡಿಯೋ ಕಾಲ್ ಮಾಡಿ. ಏಜೆನ್ಸಿ ಅದಕ್ಕೆ ಒಪ್ಪದೆ "ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮೂಲಕವೇ ಎಲ್ಲ" ಅಂದರೆ ನಾನಾದರೆ ಅಲ್ಲಿಗೇ ಬಿಡುತ್ತೇನೆ. ನಿಮ್ಮ ಕಥೆಯನ್ನು ನಿಮ್ಮ ಬಾಯಿಂದ ಕೇಳದೇ ಬರೆಯುವುದು ಹೇಗೆ ಅಂತ ಬೇಕಾದರೆ ಒಂದು ಮಾತು ಕೇಳಿ ನೋಡಿ.

ಸ್ಯಾಂಪಲ್ ಬಗ್ಗೆ ಇನ್ನೊಂದು ಮಾತು. ಅವರ ಹಳೆಯ ಬರಹ ತೋರಿಸಿದರೆ ಸಾಲದು. ನಿಮ್ಮ ಜೊತೆ ಅರ್ಧ ಗಂಟೆ ಮಾತಾಡಲಿ, ಅದರಿಂದ ಎರಡು ಪುಟ ಬರೆಯಲಿ, ಆ ಎರಡು ಪುಟಕ್ಕೆ ದುಡ್ಡು ಕೊಡಿ. ಕೆಲಸ ಮುಂದುವರಿಯದಿದ್ದರೂ ಕೊಡಿ.

15 ದಿನದಲ್ಲಿ 200 ಪುಟ, ಬೆಸ್ಟ್‌ಸೆಲರ್ ಗ್ಯಾರಂಟಿ ಅಂತ ಜಾಹೀರಾತು ನೋಡಿದೆ. ನಿಜ ಇರಬಹುದಾ?

ಲೆಕ್ಕ ಹಾಕಿ ನೋಡೋಣ. 200 ಪುಟ ಅಂದರೆ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ 50,000ದಿಂದ 60,000 ಪದ. 15 ದಿನಕ್ಕೆ ಹಂಚಿದರೆ ದಿನಕ್ಕೆ ಮೂರೂವರೆ ನಾಲ್ಕು ಸಾವಿರ ಪದ, ಒಂದು ದಿನವೂ ಬಿಡುವಿಲ್ಲದೆ. ನಿಮ್ಮನ್ನು ಮಾತಾಡಿಸುವುದು ಯಾವಾಗ? ಒಂದು ಗಂಟೆ ಮಾತು ರೆಕಾರ್ಡ್ ಮಾಡಿ ಇಳಿಸಿದರೆ ಸುಮಾರು 9,000 ಪದ ಆಗುತ್ತದೆ. ಒಂದು ಆತ್ಮಕಥೆಗೆ ಅಂಥ ಎಷ್ಟೋ ಗಂಟೆ ಕೂರಬೇಕು, ಕೇಳಬೇಕು, ಬೇಕಾದ್ದು ಆರಿಸಬೇಕು, ಕರಡು ಬರೆಯಬೇಕು, ನೀವು ಓದಬೇಕು, ತಿದ್ದಬೇಕು. ಆರು ತಿಂಗಳಿಂದ ಒಂದು ವರ್ಷ ಅಂದರೆ ಅದು ಸಹಜ. ಹದಿನೈದು ದಿನದಲ್ಲಿ ಬರುವುದು ಒಂದೋ ಎಲ್ಲಿಂದಲೋ ಎತ್ತಿದ್ದು, ಇಲ್ಲವೇ ಯಂತ್ರ ಕಕ್ಕಿದ್ದು.

ಬೆಸ್ಟ್‌ಸೆಲರ್ ಕಥೆ ಇನ್ನೂ ಮಜಾ ಇದೆ. ಅಮೆಜಾನ್‌ನಲ್ಲಿ ಸಾವಿರಾರು ಸಣ್ಣ ಸಣ್ಣ ವಿಭಾಗಗಳಿವೆ, ಪಟ್ಟಿ ಪದೇ ಪದೇ ಬದಲಾಗುತ್ತಿರುತ್ತದೆ. ಯಾರೂ ಕಾಲಿಡದ ಒಂದು ವಿಭಾಗಕ್ಕೆ ಪುಸ್ತಕ ಸೇರಿಸಿ, ಒಂದೇ ದಿನ ನಾಲ್ಕಾರು ಜನರ ಕೈಲಿ ಕೊಳ್ಳಿಸಿದರೆ ಸ್ವಲ್ಪ ಹೊತ್ತು ಮೊದಲ ಸ್ಥಾನ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ನಿಮಗೆ ಕಳಿಸುತ್ತಾರೆ. ಅದಕ್ಕೇ ನೀವು ದುಡ್ಡು ಕೊಟ್ಟದ್ದು.

ಎಐ ಬಳಸಿ ಬರೆದಿದ್ದಾರಾ ಅಂತ ತಿಳಿಯುವುದು ಹೇಗೆ?

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಎಐ ಬರಹ ಪತ್ತೆ ಮಾಡುತ್ತೇವೆ ಅನ್ನುವ ಡಿಟೆಕ್ಟರ್‌ಗೆ ಹಾಕಿ ಬಂದ ಶೇಕಡಾವಾರು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಓಪನ್‌ಎಐ ಕಂಪನಿ ತಾನೇ ಮಾಡಿದ ಡಿಟೆಕ್ಟರನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಆ ಯಂತ್ರಗಳು ಮನುಷ್ಯರು ಬರೆದದ್ದನ್ನೂ ಯಂತ್ರದ್ದು ಅನ್ನುತ್ತವೆ.

ನೋಡಬೇಕಾದ್ದು ಬರಹ ಹುಟ್ಟಿದ ದಾರಿಯನ್ನು. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಹಳೆಯ ಆವೃತ್ತಿಗಳು ಉಳಿದಿರುತ್ತವೆ. ಸಾಲು ಸಾಲಾಗಿ ಬೆಳೆದು, ಅಳಿಸಿ, ಮತ್ತೆ ಬರೆದದ್ದು ಅಲ್ಲಿ ಕಾಣುತ್ತದೆ. ಮೂರು ಸಾವಿರ ಪದ ಒಂದೇ ನಿಮಿಷದಲ್ಲಿ ಬಂದು ಕೂತಿದ್ದರೆ ಅದೂ ಕಾಣುತ್ತದೆ. ಬೇರೆ ಕಡೆ ಟೈಪ್ ಮಾಡಿ ಅಂಟಿಸಿರಲೂಬಹುದು, ಹಾಗಾಗಿ ಕೇಳಿ ತಿಳಿಯಿರಿ. ಸಂದರ್ಶನದ ರೆಕಾರ್ಡಿಂಗ್, ಟಿಪ್ಪಣಿ, ಅರ್ಧಂಬರ್ಧ ಕರಡು, ಇವು ಕೇಳಿದ ಕೂಡಲೇ ಸಿಗಬೇಕು.

ಇನ್ನೊಂದು ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಬೇರೆಯವರು ಬರೆದ ಒಂದು ಅಧ್ಯಾಯ ಸರಿಪಡಿಸಲು ಒಮ್ಮೆ ನನ್ನ ಹತ್ತಿರ ಬಂದಿತ್ತು. ಅಪ್ಪನ ವ್ಯಾಪಾರ ಮುಳುಗಿ ಮಳಿಗೆ ಮುಚ್ಚಿದ ಸಂಜೆಯ ಪ್ರಸಂಗ. "ಆ ಕ್ಷಣ ನನ್ನ ಬದುಕನ್ನೇ ಬದಲಿಸಿತು, ಸೋಲೇ ಗೆಲುವಿನ ಮೆಟ್ಟಿಲು ಎಂದು ನನಗೆ ಅರಿವಾಯಿತು" ಅಂತೆಲ್ಲ ಚೆಂದವಾಗಿ ಹರಿದಿತ್ತು. ರೆಕಾರ್ಡಿಂಗ್ ಹಾಕಿ ಕೇಳಿದರೆ ಅವರು ಹೇಳಿದ್ದು ಇಷ್ಟು: ಒಳಗೆ ಏನೂ ಇರಲಿಲ್ಲ, ಎಲ್ಲ ಮಾರಿಯಾಗಿತ್ತು, ಆದರೂ ಅಪ್ಪ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದರು. ಬೀಗದ ಮಾತು ಅಧ್ಯಾಯದಲ್ಲಿ ಎಲ್ಲೂ ಇರಲಿಲ್ಲ. ಮನುಷ್ಯ ಕೇಳಿಸಿಕೊಂಡಿದ್ದರೆ ಆ ಬೀಗವನ್ನು ಬಿಡುತ್ತಿರಲಿಲ್ಲ. ನೀವು ಹೇಳಿದ ಸಣ್ಣ ವಿವರಗಳು ಬಿಟ್ಟುಹೋಗಿ, ನೀವು ಹೇಳದ ದೊಡ್ಡ ಮಾತುಗಳು ಸೇರಿಕೊಂಡಿದ್ದರೆ ಪ್ರಶ್ನೆ ಮಾಡಿ. ಉಲ್ಲೇಖ, ಇಸವಿ, ಸಂಶೋಧನೆ ಅಂತ ಏನಾದರೂ ಸೇರಿದ್ದರೆ ಒಂದೊಂದನ್ನೂ ಪರಿಶೀಲಿಸಿ. ಇಲ್ಲದ ಪುಸ್ತಕ, ಯಾರೂ ಆಡದ ಮಾತು ಹುಟ್ಟಿಸುವುದರಲ್ಲಿ ಈ ಯಂತ್ರಗಳು ನಿಸ್ಸೀಮ.

ಹಾಗಾದರೆ ಎಐ ಮುಟ್ಟಲೇಬಾರದು ಅಂತ ಬರೆಸಿಕೊಳ್ಳಲಾ?

ಅದು ನಿಮ್ಮಿಷ್ಟ, ಆದರೆ ಬಿಡಿಸಿ ಬರೆಯಿರಿ. ರೆಕಾರ್ಡಿಂಗನ್ನು ಅಕ್ಷರಕ್ಕೆ ಇಳಿಸಲು ಬಳಸಬಹುದಾ, ಕಾಗುಣಿತ ನೋಡಲು ಬಳಸಬಹುದಾ, ಬರೆಯಲು ಬಳಸಬಹುದಾ, ನಿಮ್ಮ ಖಾಸಗಿ ಮಾತುಗಳನ್ನು ಆ ತಾಣಗಳಿಗೆ ಹಾಕಬಹುದಾ? ಕೊನೆಯದನ್ನು ಬಹಳ ಜನ ಮರೆಯುತ್ತಾರೆ.

ಇದನ್ನು ಮುಚ್ಚಿಟ್ಟರೆ ಪೆಟ್ಟು ಬೀಳುವುದು ನಿಮಗೆ. ಲೇಖಕರು ತಾವೇ ಪುಸ್ತಕ ಪ್ರಕಟಿಸಲು ಇರುವ ಅಮೆಜಾನ್ ಕೆಡಿಪಿ ತಾಣ 2023ರ ಸೆಪ್ಟೆಂಬರ್‌ನಿಂದ, ಎಐ ಸೃಷ್ಟಿಸಿದ ಬರಹ, ಚಿತ್ರ, ಅನುವಾದ ಇದ್ದರೆ ಪ್ರಕಟಿಸುವವರು ತಮಗೆ ತಿಳಿಸಬೇಕು ಅನ್ನುತ್ತದೆ. ಅಮೆರಿಕದ ಕಾಪಿರೈಟ್ ಕಚೇರಿ ಮನುಷ್ಯರು ಬರೆದ ಭಾಗಕ್ಕೆ ಮಾತ್ರ ನೋಂದಣಿ ಕೊಡುತ್ತದೆ, ಎಐ ಭಾಗ ಗಣನೀಯವಾಗಿದ್ದರೆ ಅರ್ಜಿಯಲ್ಲಿ ಹೇಳಬೇಕು. ನಿಮ್ಮ ಬರಹಗಾರರು ನಿಮಗೆ ಸುಳ್ಳು ಹೇಳಿದರೆ ನೀವು ಅಲ್ಲಿ ಗೊತ್ತಿಲ್ಲದೇ ಸುಳ್ಳು ಬರೆದ ಹಾಗಾಗುತ್ತದೆ.

ಕದ್ದು ಬರೆದಿದ್ದರೆ?

ಮುಖಪುಟದಲ್ಲಿ ನಿಮ್ಮ ಹೆಸರಿದೆ, ಜನ ಬಂದು ಕೇಳುವುದು ನಿಮ್ಮನ್ನೇ. ಬರಹ ಸ್ವಂತದ್ದು, ಬೇರೆಯವರ ಹಕ್ಕು ಮುರಿದಿಲ್ಲ, ಮುರಿದಿದ್ದರೆ ಅದರ ನಷ್ಟ ತುಂಬಿಕೊಡುತ್ತೇನೆ ಅನ್ನುವ ಮಾತು ಕರಾರಿನಲ್ಲಿ ಇರಲಿ. ಅದರ ಮೇಲೆ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿನಲ್ಲಿ ಪ್ರತಿ ಅಧ್ಯಾಯ ಬಂದ ಹಾಗೇ ಹಾಕಿ ನೋಡಿ, ಪುಸ್ತಕ ಮುಗಿಯುವವರೆಗೆ ಕಾಯಬೇಡಿ. ಈ ಸಾಫ್ಟ್‌ವೇರುಗಳು ಇಂಗ್ಲಿಷಿನಲ್ಲಿ ಹಿಡಿದಷ್ಟು ಕನ್ನಡದಲ್ಲಿ ಹಿಡಿಯುವುದಿಲ್ಲ, ಇಂಗ್ಲಿಷಿನಿಂದ ಎತ್ತಿ ಕನ್ನಡಕ್ಕೆ ತಿರುಗಿಸಿದ್ದನ್ನಂತೂ ಹಿಡಿಯುವುದೇ ಕಷ್ಟ. ಅನುಮಾನ ಬಂದ ಪ್ಯಾರಾದ ಸಾರವನ್ನು ಇಂಗ್ಲಿಷಿನಲ್ಲಿ ಹುಡುಕಿದರೆ ಎಷ್ಟೋ ಸಲ ಮೂಲ ಸಿಗುತ್ತದೆ.

ಬರಹಗಾರರು ತಮ್ಮದೇ ಹಳೆಯ ಗ್ರಾಹಕರಿಗೆ ಬರೆದದ್ದನ್ನು ನಿಮಗೆ ಮತ್ತೆ ಮಾರುವುದೂ ಉಂಟು. ಆ ಬರಹದ ಹಕ್ಕು ಆ ಗ್ರಾಹಕರದ್ದು, ಹಾಗಾಗಿ ಇದೂ ಕಳ್ಳತನವೇ.

ದುಡ್ಡು ಹೇಗೆ ಕೊಡಬೇಕು? ಪೂರ್ತಿ ಮೊದಲೇ ಕೇಳುತ್ತಿದ್ದಾರೆ.

ಪೂರ್ತಿ ಮೊದಲೇ ಕೊಡಬೇಡಿ. ಏನೂ ಕೊಡದೇ ಶುರು ಮಾಡಿ ಅಂತ ಕೇಳಲೂಬೇಡಿ. ಕಂತು ಮಾಡಿ: ಸಹಿ ಮಾಡಿದಾಗ ಒಂದು ಪಾಲು, ಅಧ್ಯಾಯಗಳ ರೂಪರೇಷೆ ಒಪ್ಪಿದಾಗ ಒಂದು, ಅರ್ಧ ಕರಡು ಬಂದಾಗ ಒಂದು, ಕೊನೆಯ ಪ್ರತಿ ಒಪ್ಪಿದಾಗ ಉಳಿದದ್ದು. ಮೊದಲ ಕಂತು ಒಟ್ಟು ಮೊತ್ತದ ಮೂರನೇ ಒಂದು ಭಾಗ ಮೀರಿದರೆ ನನಗೆ ಕಸಿವಿಸಿ ಆಗುತ್ತದೆ. ಸಣ್ಣ ಕೆಲಸಕ್ಕೆ ಅರ್ಧ ಮುಂಗಡ ಕೇಳುವುದು ಇದೆ, ಅದರಲ್ಲಿ ತಪ್ಪಿಲ್ಲ. ಕಂತು ಯಾವ ಕೆಲಸಕ್ಕೆ ಅಂತ ಬರೆದಿರಬೇಕು. ಬರೀ ತಾರೀಖಿಗೆ ಕಟ್ಟಿದ ಕಂತು ಆದರೆ ದಿನ ಕಳೆಯುತ್ತದೆ, ದುಡ್ಡು ಹೋಗುತ್ತದೆ, ಪುಟ ಬರುವುದಿಲ್ಲ.

ಅಪ್‌ವರ್ಕ್, ಫೈವರ್ ಥರದ ಫ್ರೀಲಾನ್ಸ್ ಕೆಲಸದ ತಾಣಗಳಲ್ಲಿ ನೀವು ಕಟ್ಟಿದ ಹಣ ಕೆಲಸ ಒಪ್ಪುವವರೆಗೆ ಅವರ ಹತ್ತಿರ ಇರುತ್ತದೆ. "ಕಮಿಷನ್ ಉಳಿಯುತ್ತೆ, ಹೊರಗೆ ಮಾಡಿಕೊಳ್ಳೋಣ, ಟೆಲಿಗ್ರಾಮ್‌ಗೆ ಬನ್ನಿ" ಅಂತ ಕರೆದರೆ ಹೋಗಬೇಡಿ. ತಾಣದ ನಿಯಮ ಮುರಿದ ಹಾಗೂ ಆಗುತ್ತದೆ, ಆಮೇಲೆ ಜಗಳ ಆದರೆ ಕೇಳುವವರೂ ಇರುವುದಿಲ್ಲ. ಕ್ರಿಪ್ಟೋ, ಗಿಫ್ಟ್ ಕಾರ್ಡ್, ಯಾರದೋ ಸಂಬಂಧಿಕರ ಖಾತೆ ಅಂದರೆ ಅಲ್ಲಿಗೇ ಮುಗಿಸಿ.

ಇನ್ನೊಂದು ಹಳೆಯ ತಂತ್ರ: ಒಪ್ಪಿಕೊಂಡ ಬೆಲೆ ಕಡಿಮೆ, ಆಮೇಲೆ ಎಡಿಟಿಂಗ್‌ಗೆ ಬೇರೆ, ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಬೇರೆ, ಕಾಪಿರೈಟ್ ರಕ್ಷಣೆಗೆ ಬೇರೆ, ಸಿನಿಮಾದವರು ಕೇಳುತ್ತಿದ್ದಾರೆ ಅದಕ್ಕೆ ಚಿತ್ರಕಥೆ ಬೇರೆ. ಸಿನಿಮಾದ ಮಾತು ಬಂದ ಕೂಡಲೇ ಫೋನ್ ಇಡಿ.

ದುಡ್ಡು ಕೊಟ್ಟಿದ್ದೇನೆ, ಹಾಗಾಗಿ ಕಾಪಿರೈಟ್ ನನ್ನದೇ ತಾನೇ?

ತಾನಾಗೇ ನಿಮ್ಮದಾಗುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದರೆ ಸಾಮಾನ್ಯವಾಗಿ ಹಕ್ಕು ಮಾಲೀಕರದ್ದು. ಫ್ರೀಲಾನ್ಸ್ ಬರಹಗಾರರು ಬರೆದರೆ ಹೆಚ್ಚಿನ ಕಡೆ ಮೊದಲ ಹಕ್ಕು ಬರೆದವರದ್ದೇ, ಬರಹದ ಮೂಲಕ ನಿಮಗೆ ವರ್ಗ ಮಾಡುವ ತನಕ.

ಭಾರತದ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ಲೆಕ್ಕ. ಅಂದರೆ "ಎಲ್ಲ ಹಕ್ಕು ನಿಮಗೆ" ಅಂತ ಒಂದು ಸಾಲು ಬರೆಸಿಕೊಂಡು ನಿಶ್ಚಿಂತೆಯಾಗಿ ಕೂತವರ ಹಕ್ಕು ಐದು ವರ್ಷಕ್ಕೇ ಮುಗಿದುಹೋಗಬಹುದು. "ಕಾಪಿರೈಟಿನ ಪೂರ್ತಿ ಅವಧಿಗೆ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮ ಮತ್ತು ಭಾಷೆಗಳಿಗೆ" ಅಂತ ಬಿಡಿಸಿ ಬರೆಸಬೇಕು. ಅಮೆರಿಕದಲ್ಲಿ "ವರ್ಕ್ ಮೇಡ್ ಫಾರ್ ಹೈರ್", ಅಂದರೆ ಬರೆಸಿದವರೇ ಮೊದಲಿನಿಂದ ಹಕ್ಕುದಾರರು, ಅನ್ನುವ ಮಾತು ಪ್ರಸಿದ್ಧ. ಆದರೆ ಹೊರಗಿನವರಿಂದ ಬರೆಸಿದ್ದಕ್ಕೆ ಅದು ಅನ್ವಯಿಸುವುದು ಕಾನೂನು ಪಟ್ಟಿ ಮಾಡಿದ 9 ಬಗೆಯ ಕೃತಿಗಳಿಗೆ ಮಾತ್ರ, ಮಾಮೂಲಿ ಆತ್ಮಕಥೆ ಅದರಲ್ಲಿ ಬರುವುದು ಕಷ್ಟ. ಅದಕ್ಕೇ ಅಲ್ಲಿನ ತಿಳಿದ ವಕೀಲರು ಆ ಸಾಲಿನ ಜೊತೆಗೆ ಹಕ್ಕು ವರ್ಗಾವಣೆಯ ಸಾಲನ್ನೂ ಸೇರಿಸುತ್ತಾರೆ. ಬರೆದವರು ಅನ್ನಿಸಿಕೊಳ್ಳುವ ನೈತಿಕ ಹಕ್ಕು ಬೇರೆಯೇ ಇದೆ. ಬ್ರಿಟನ್ನಿನಲ್ಲಿ ಅದನ್ನು ಬರಹದ ಮೂಲಕ ಬಿಟ್ಟುಕೊಡಬಹುದು, ಫ್ರಾನ್ಸಿನಲ್ಲಿ ಬಿಟ್ಟುಕೊಡಲು ಆಗುವುದೇ ಇಲ್ಲ.

ಬರೆಯುವವರ ಕಡೆಯಿಂದಲೂ ಒಂದು ನ್ಯಾಯದ ಷರತ್ತು ಇದೆ: ಕೊನೆಯ ಕಂತು ಕೈಗೆ ಬಂದ ಮೇಲೆ ಹಕ್ಕು ವರ್ಗ ಆಗುತ್ತದೆ ಅನ್ನುವುದು. ಅದನ್ನು ಕಂಡು ಮುಖ ಗಂಟು ಹಾಕಬೇಡಿ.

ಗುಟ್ಟಿನ ಒಪ್ಪಂದದಲ್ಲಿ ಏನಿರಬೇಕು?

ಯಾವುದು ಗುಟ್ಟು, ಎಷ್ಟು ಕಾಲ, ಯಾರಿಗೆ ಹೇಳಬಹುದು ಅನ್ನುವುದು. ಬರಹಗಾರರ ವಕೀಲರಿಗೂ ತೆರಿಗೆ ಲೆಕ್ಕ ಮಾಡುವವರಿಗೂ ಹೇಳಬಾರದು ಅಂದರೆ ನಡೆಯುವುದಿಲ್ಲ. ರೆಕಾರ್ಡಿಂಗ್ ಎಲ್ಲಿ ಇಟ್ಟಿರುತ್ತಾರೆ, ಕೆಲಸ ಮುಗಿದ ಮೇಲೆ ಅಳಿಸುತ್ತಾರಾ, ಇದನ್ನೂ ಬರೆಯಿರಿ. ಮೋಸ ನಡೆದರೂ ಬಾಯಿ ಬಿಡಬಾರದು ಅಂತ ಏಜೆನ್ಸಿಯೇ ನಿಮ್ಮ ಕೈಲಿ ಸಹಿ ಹಾಕಿಸಿಕೊಳ್ಳಲು ಬಂದರೆ ಆ ಕಾಗದ ವಾಪಸ್ ಕೊಡಿ.

ಬರೆದವರ ಹೆಸರು ಎಲ್ಲೂ ಬೇಡವಾ? ರಾಯಲ್ಟಿ ಪಾಲು ಕೊಡಬೇಕಾ?

ಎರಡೂ ಮಾತಾಡಿ ತೀರ್ಮಾನ ಮಾಡಿಕೊಳ್ಳುವ ವಿಷಯ. ಇದರಲ್ಲಿ ಎಡವಟ್ಟಾದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಮತ್ತು ಅವರ ಜೊತೆ ಬರೆಯುತ್ತಿದ್ದ ಆಗಸ್ಟ್ ಮಾಕೆ. ವರ್ಷಗಟ್ಟಲೆ ಕಥೆಯ ಹಂದರ, ಕರಡು ಒದಗಿಸಿದ ಮಾಕೆ ಕೊನೆಗೆ ಕೋರ್ಟಿಗೆ ಹೋದರು. 1858ರಲ್ಲಿ ಕೋರ್ಟು ಹಣ ಕೊಡಿ ಅಂದಿತು, ಸಹಲೇಖಕ ಅನ್ನುವ ಹೆಸರು ಕೊಡಲಿಲ್ಲ.

ಇನ್ನು "ಈಗ ದುಡ್ಡಿಲ್ಲ, ಪುಸ್ತಕ ಮಾರಾಟ ಆದ ಮೇಲೆ ಅರ್ಧ ಕೊಡುತ್ತೇನೆ" ಅನ್ನುವ ಮಾತು. ಹೆಚ್ಚಿನ ಪುಸ್ತಕಗಳು ಬರೆದವರ ಶ್ರಮದ ಬೆಲೆಯಷ್ಟೂ ದುಡಿಯುವುದಿಲ್ಲ, ಇದು ಹೇಳುವವರಿಗೂ ಗೊತ್ತಿರುತ್ತದೆ. ಪಾಲು ಕೊಡುವುದಾದರೆ ಮುಖ್ಯ ಸಂಭಾವನೆಯ ಮೇಲೆ ಕೊಡಿ, ಪ್ರಕಾಶಕರ ಲೆಕ್ಕಪತ್ರ ನೋಡುವ ಹಕ್ಕನ್ನೂ ಅವರಿಗೆ ಕೊಡಿ.

ನನ್ನ ಆತ್ಮಕಥೆಯಲ್ಲಿ ಸ್ವಲ್ಪ ಉಪ್ಪು ಖಾರ ಸೇರಿಸಿ ಅಂತ ಕೇಳಬಹುದಾ?

ಸೇರಿಸುವುದು ಅಂದರೆ ಏನು ಅನ್ನುವುದರ ಮೇಲೆ ಹೋಗುತ್ತದೆ. ನೆನಪಿರುವ ಸಂಭಾಷಣೆಯನ್ನು ಓದಿಸಿಕೊಂಡು ಹೋಗುವ ಹಾಗೆ ಬರೆಯಬಹುದು. ಇಲ್ಲದ ಡಿಗ್ರಿ, ಹೋಗದ ಯುದ್ಧ, ಬಾರದ ಕಾಯಿಲೆ ಬರೆಯಬಾರದು. ಬದುಕಿರುವವರ ಮೇಲೆ ಹೊರಿಸುವ ಆರೋಪ ಮಾನನಷ್ಟದ ಕೇಸಿಗೆ ದಾರಿ. ನೀವು ಕೊಟ್ಟ ಮಾಹಿತಿ ಸುಳ್ಳಾದರೆ ಹೊಣೆ ನಿಮ್ಮದು, ಅವರು ಸೇರಿಸಿದ್ದು ಸುಳ್ಳಾದರೆ ಹೊಣೆ ಅವರದ್ದು ಅಂತ ಕರಾರಿನಲ್ಲಿ ಇರಲಿ. ಒಳ್ಳೆಯ ಬರಹಗಾರರು "ಇದಕ್ಕೆ ದಾಖಲೆ ಇದೆಯಾ" ಅಂತ ಕೇಳುತ್ತಾರೆ. ಆಗ ಸಿಟ್ಟು ಮಾಡಿಕೊಳ್ಳಬೇಡಿ. ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರೆಯುವವರು ಇನ್ನೂ ಅಪಾಯ.

ಬರೆಸುವವರು ಮಾಡುವ ಮೋಸ ಯಾವುದು?

ಜಾಸ್ತಿ ಕಾಣುವುದು ಪುಕ್ಕಟೆ ಸ್ಯಾಂಪಲ್. ಒಬ್ಬರಿಗೆ ಮೊದಲ ಅಧ್ಯಾಯ, ಇನ್ನೊಬ್ಬರಿಗೆ ಎರಡನೆಯದು, ಮತ್ತೊಬ್ಬರಿಗೆ ಮೂರನೆಯದು "ಟೆಸ್ಟ್" ಅಂತ ಕೊಟ್ಟು, ಎಲ್ಲ ಬಂದ ಮೇಲೆ ಯಾರನ್ನೂ ಆರಿಸದೆ ಅವನ್ನೇ ಹೊಲಿದು ಪುಸ್ತಕ ಮಾಡುವವರಿದ್ದಾರೆ. ಎರಡನೆಯದು ಕೊನೆಯಿಲ್ಲದ ತಿದ್ದುಪಡಿ. ರೂಪರೇಷೆ ಒಪ್ಪಿ, ಅರ್ಧ ಪುಸ್ತಕ ಬಂದ ಮೇಲೆ ಇಡೀ ಕಥೆಯನ್ನೇ ಬದಲಿಸಿ "ಇದು ತಿದ್ದುಪಡಿ, ಹೆಚ್ಚು ದುಡ್ಡಿಲ್ಲ" ಅನ್ನುವುದು. ನನಗೂ ಒಬ್ಬ ಗ್ರಾಹಕರು ಹೀಗೆ ಮಾಡಿದ್ದರು. ಕೊನೆಗೆ "ತೃಪ್ತಿಯಾಗಿಲ್ಲ" ಅಂತ ಕೊನೆಯ ಕಂತು ತಡೆದರು, ಪುಸ್ತಕ ಮಾತ್ರ ಅದೇ ಕರಡಿನಿಂದ ಅಚ್ಚಾಯಿತು. ಎಷ್ಟು ಸುತ್ತು ತಿದ್ದುಪಡಿ ಸೇರಿದೆ, ಅದರಾಚೆಗೆ ಎಷ್ಟು ಹಣ, ಎಷ್ಟು ದಿನದೊಳಗೆ ಒಪ್ಪಿಗೆ ಕೊಡದಿದ್ದರೆ ಒಪ್ಪಿದ ಹಾಗೆ ಅನ್ನುವುದು ಬರೆದಿದ್ದರೆ ಈ ತಂಟೆ ಇರುವುದಿಲ್ಲ.

ಅರ್ಧಕ್ಕೆ ನಿಲ್ಲಿಸಬೇಕಾದರೆ?

ಕರಾರಿನಲ್ಲಿ ಹೀಗೆ ಬರೆದಿರಲಿ: ಅಲ್ಲಿಯವರೆಗಿನ ಕೆಲಸಕ್ಕೆ ದುಡ್ಡು, ಅದರ ಮೇಲೆ ಒಪ್ಪಿದ್ದರೆ ಸಣ್ಣ ನಿಲುಗಡೆ ಶುಲ್ಕ. ದುಡ್ಡು ಕೊಟ್ಟ ಪುಟಗಳು ನಿಮ್ಮದು, ಕೊಡದ ಪುಟಗಳು ಅವರದ್ದು. ಆದರೆ ಆ ಪುಟಗಳಲ್ಲಿರುವ ನಿಮ್ಮ ಬದುಕಿನ ಕಥೆಯನ್ನು ಅವರು ಎಲ್ಲೂ ಬಳಸುವಂತಿಲ್ಲ. ರೆಕಾರ್ಡಿಂಗ್ ವಾಪಸ್ ಬರಬೇಕು.

"ನೀವೇ ಬರೆದಿರಾ?" ಅಂತ ಯಾರಾದರೂ ನೇರವಾಗಿ ಕೇಳಿದರೆ ಏನು ಹೇಳಲಿ?

"ಒಬ್ಬರ ಸಹಾಯ ತಗೊಂಡೆ" ಅನ್ನಿ. ಹೆಸರು ಹೇಳಬೇಕಾಗಿಲ್ಲ. ಒಂಟಿಯಾಗಿ ರಾತ್ರಿಯೆಲ್ಲ ಕೂತು ಬರೆದ ಕಥೆ ಕಟ್ಟಬೇಡಿ. ಬರಹದ ಬಗ್ಗೆ ಪಾಠ ಹೇಳಲು, ಸಾಹಿತ್ಯದ ಸ್ಪರ್ಧೆಗೆ ಕಳಿಸಲು ಅಂತೂ ಹೋಗಲೇಬೇಡಿ, ಅಲ್ಲಿ ಅಳೆಯುವುದು ಬರವಣಿಗೆಯನ್ನೇ.

ಈಗಾಗಲೇ ಮೋಸ ಹೋಗಿದ್ದೇನೆ. ಏನು ಮಾಡಲಿ?

ಮೊದಲು ಮಾತು ನಿಲ್ಲಿಸಿ, ದಾಖಲೆ ಕೂಡಿಸಿ. ಕರಾರು, ಚಾಟ್, ಇಮೇಲ್, ಹಣ ಕಳಿಸಿದ ರಸೀದಿ, ಅವರ ವೆಬ್‌ಸೈಟಿನ ಸ್ಕ್ರೀನ್‌ಶಾಟ್, ಎಲ್ಲವನ್ನೂ. ವೆಬ್‌ಸೈಟು ನಾಳೆ ಇರುತ್ತದೆ ಅಂತ ನಂಬಬೇಡಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ತಡ ಮಾಡದೆ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್, ಅಂದರೆ ಆ ಪಾವತಿಯನ್ನು ವಾಪಸ್ ಮಾಡಿಸಲು ಕೇಳಿ, ಅದಕ್ಕೆ ಗಡುವು ಇರುತ್ತದೆ. ಫ್ರೀಲಾನ್ಸ್ ತಾಣದ ಮೂಲಕ ಆಗಿದ್ದರೆ ಅಲ್ಲೇ ದೂರು ತೆರೆಯಿರಿ. ಕದ್ದ ಬರಹ ಈಗಾಗಲೇ ಪ್ರಕಟವಾಗಿದ್ದರೆ ನೀವೇ ಮೊದಲು ಅದನ್ನು ಹಿಂತೆಗೆದುಕೊಳ್ಳಿ, ಮೂಲ ಬರೆದವರಿಗೆ ನೀವೇ ಮೊದಲು ಬರೆಯಿರಿ, ಅವರ ವಕೀಲರ ನೋಟಿಸ್ ಬರುವವರೆಗೆ ಕಾಯಬೇಡಿ.

ಆಮೇಲೆ ಒಂದು ಫೋನ್ ಬರುತ್ತದೆ. "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಅದಕ್ಕೆ ಸಣ್ಣ ಶುಲ್ಕ" ಅಂತ. ಇದೂ ಮೋಸವೇ. ಇಂಥವರು ಮೋಸ ಹೋದವರ ಪಟ್ಟಿಯನ್ನೇ ಒಬ್ಬರಿಂದ ಒಬ್ಬರು ಕೊಳ್ಳುತ್ತಾರೆ, ಎಷ್ಟೋ ಸಲ ಹಳೆಯ ಕಂಪನಿಯವರೇ ಬೇರೆ ಹೆಸರಿನಲ್ಲಿ ಮಾಡಿರುತ್ತಾರೆ. ಆ ನಂಬರನ್ನೂ ನಿಮ್ಮ ದಾಖಲೆಗೆ ಸೇರಿಸಿಕೊಳ್ಳಿ.